ಚೌಡಿ ತಿರುವಿನ ಒಂಬತ್ತು ಕಮಿಟ್‌ಗಳು

ಕಾನ್ವೆಂಟಿನಲ್ಲಿ ನಮಗೆ ರಬ್ಬರ್ ಇಟ್ಟುಕೊಳ್ಳಲು ಪರ್ಮಿಷನ್ ಇರಲಿಲ್ಲ. ಬರೆದದ್ದು ತಪ್ಪಾದರೆ ಅದರ ಮೇಲೆ ಒಂದೇ ಒಂದು ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆಯಬೇಕು. ಗೀಚಿ ಕಪ್ಪು ಮಾಡಿದರೆ ಸಿಸ್ಟರ್ ಬೆರಳಿನ ಗಂಟಿನ ಮೇಲೆ ಸ್ಕೇಲಿನಿಂದ ಕೊಡುತ್ತಿದ್ದರು. ಎಲ್ಲಿ ತಪ್ಪಿದೆ ಎನ್ನುವುದು ನನಗೂ ಕಾಣಬೇಕು, ನಿನಗೂ ಕಾಣಬೇಕು ಎನ್ನುವುದು ಅವರ ವಾದ. ಮುಂದೆ ನಾನೇ ಮೂಡಿಗೆರೆಯಲ್ಲಿ ಇಂಗ್ಲಿಷ್ ಟೀಚರ್ ಆದಾಗ ಆ ನಿಯಮವನ್ನು ಕೈಬಿಟ್ಟೆ. ಮಕ್ಕಳು ಸೆಂಟಿನ ವಾಸನೆಯ ರಬ್ಬರ್ ತರುತ್ತಿದ್ದರು, ಎಷ್ಟೆಂದು ಕಿತ್ತುಕೊಳ್ಳುವುದು? ನಾನೂ ದಿನಕ್ಕೆ ಆರು ಸಲ ಬ್ಲ್ಯಾಕ್‌ಬೋರ್ಡ್ ಒರೆಸುತ್ತಿದ್ದೆ. ಅಷ್ಟು ವರ್ಷ ಆ ಬೋರ್ಡಿನ ಮೇಲೆ ಬರೆದದ್ದರಲ್ಲಿ ಒಂದು ಸಾಲೂ ಈಗ ಎಲ್ಲೂ ಇಲ್ಲ. 

ಸಿಸ್ಟರ್ ಮಾತನ್ನು ಇಷ್ಟು ಕಾಲದ ಮೇಲೆ ನೆನಪಿಗೆ ತಂದವಳು ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ. ಹುಡುಗಿ ಎಂದರೂ ಮೂವತ್ತಾಗಿದೆ. ಒಂದು ಕಾಲಕ್ಕೆ ನನ್ನ ಕ್ಲಾಸಿನಲ್ಲಿ ಕೊನೆಯ ಬೆಂಚಿನವಳು, ಈಗಲೂ ನನ್ನನ್ನು ಮಿಸ್ ಎಂದೇ ಕರೆಯುತ್ತಾಳೆ. ಗೋಣಿಬೀಡಿನಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಯಲ್ಲಿ ಅವಳ ಕೆಲಸ. ಜೊತೆಗೆ ಅವಳ ತಂದೆ ಇದ್ದಾರೆ. ಮೂಡಿಗೆರೆಯಿಂದ ಜಾವಳಿ, ಬಾಳೂರು ಹಾದು ಕಳಸಕ್ಕೆ ಹೋಗುವ ಪ್ರೈವೇಟ್ ಬಸ್ಸನ್ನು ಇಪ್ಪತ್ತೆಂಟು ವರ್ಷ ಓಡಿಸಿದವರು. ಮೊಣಕಾಲು ಸವೆದು ಕ್ಲಚ್ ಒತ್ತಲು ಆಗದಾದ ಮೇಲೆ ಕೆಲಸ ಬಿಟ್ಟರು. ಬಿಟ್ಟವರು ಮಾತನ್ನೂ ಬಿಟ್ಟಂತಾಯಿತು. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು, ಸ್ಟ್ಯಾಂಡಿನ ಕಡೆಯಿಂದ ಬರುವ ಹಾರ್ನ್ ಕೇಳಿ ಯಾವ ಬಸ್ಸು, ಎಷ್ಟು ಲೇಟು ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಮಗಳು ಅದನ್ನು ನೋಡಿದಳು. ಕಂಪ್ಯೂಟರಿನಲ್ಲಿ ಬಸ್ ಓಡಿಸುವ ಗೇಮ್ ಒಂದಿದೆಯಂತೆ. ಅದರಲ್ಲಿ ಇರುವುದೆಲ್ಲ ಪರದೇಶದ ನುಣುಪು ರಸ್ತೆ. ಆದರೆ ಆಡುವವರು ತಮ್ಮೂರಿನ ರಸ್ತೆಯನ್ನು ತಾವೇ ಮಾಡಿ ಅದಕ್ಕೆ ಸೇರಿಸಬಹುದು. ಹಾಗೆ ಸೇರಿಸುವುದಕ್ಕೆ ಮಾಡ್ ಎನ್ನುತ್ತಾರೆ. ಇವಳು ಅಪ್ಪನ ರೂಟನ್ನೇ ಮಾಡುತ್ತೇನೆಂದು ಕೂತಳು. ಕರೆಂಟು ಹೋದರೂ ನಿಲ್ಲದಿರಲೆಂದು, ಯುಪಿಎಸ್ ಇರುವ ನನ್ನ ಡೈನಿಂಗ್ ಟೇಬಲ್ಲಿಗೆ ಲ್ಯಾಪ್‌ಟಾಪ್ ಇಳಿಯಿತು. ಭಾನುವಾರಗಳಲ್ಲಿ ಅವಳು ಗುಡ್ಡ ಎಬ್ಬಿಸುವಳು, ಚರಂಡಿ ತೋಡುವಳು, ಸಿಲ್ವರ್ ಓಕ್ ಸಾಲು ನೆಡುವಳು. ಅಪ್ಪ ಪಕ್ಕದಲ್ಲಿ ಕೂತು ಹೇಳುವರು, ಆದಷ್ಟು ರಸ್ತೆಯ ಮೇಲೆ ಬಸ್ಸು ಓಡಿಸಿ ನೋಡುವರು.

"ಆ ಸೇತುವೆ ಪಕ್ಕ ಪೆಟ್ಟಿಗೆ ಅಂಗಡಿ ಎಲ್ಲಿ ಹೋಯ್ತು?"

"ಅಂಗಡಿ ಯಾಕಪ್ಪಾ? ರಸ್ತೆ ಸರಿ ಇದ್ರೆ ಸಾಕಲ್ವಾ?"

"ಅಂಗಡಿ ಕಾಣದಿದ್ರೆ ನಾನು ಬ್ರೇಕ್ ಎಲ್ಲಿ ಹಾಕ್ಲಿ ಮಾರಾಯ್ತಿ? ನಿನ್ ಮೂಗು ನೋಡ್ಕೊಂಡಾ?"

ನನ್ನ ಕ್ಲಾಸಿನಲ್ಲಿ ಒಂದು ದಿನವೂ ಆ ಹುಡುಗಿ ಅಷ್ಟು ಶ್ರದ್ಧೆಯಿಂದ ಕೂತದ್ದನ್ನು ನಾನು ನೋಡಿರಲಿಲ್ಲ. ತಪ್ಪು ನನ್ನ ಪಾಠದ್ದೇ ಇರಬೇಕು.

ಎರಡು ತಿಂಗಳಾದ ಮೇಲೆ ಮೊದಲನೆಯ ಅನಾಹುತ ಆಯಿತು. ಅವಳು ಪ್ರತಿ ಸಲ ಏನಾದರೂ ಬದಲಿಸುವ ಮೊದಲು ಇಡೀ ಫೋಲ್ಡರನ್ನು ಕಾಪಿ ಮಾಡಿಡುತ್ತಿದ್ದಳು. ಫೈನಲ್, ಹೊಸ ಫೈನಲ್, ಇದೇ ಫೈನಲ್, ಅಪ್ಪ ಒಪ್ಪಿದ್ದು, ಹೀಗೆ ಹೆಸರುಗಳು. ಲ್ಯಾಪ್‌ಟಾಪಿನಲ್ಲಿ ಜಾಗ ತುಂಬಿತು. ಹಳೆಯದನ್ನೆಲ್ಲ ಅಳಿಸುವ ಭರದಲ್ಲಿ 'ಅಪ್ಪ ಒಪ್ಪಿದ್ದು' ಕೂಡ ಹೋಯಿತು. ಜಾವಳಿಯಿಂದ ಬಾಳೂರಿನವರೆಗಿನ ರಸ್ತೆಯೇ ಮಾಯ. ಅವಳು ವೇಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪ, "ರಸ್ತೆ ಅಂದ್ಮೇಲೆ ಗುಡ್ಡ ಕುಸಿಯೋದು ಇದ್ದದ್ದೇ, ಮತ್ತೆ ಕಡೀಬೇಕು" ಎಂದರು.

ಅವಳು ಮತ್ತೆ ಕಡಿದಳು. ಆದರೆ ಈ ಸಲ ಮೊದಲು ಬೇರೊಂದು ವಿದ್ಯೆ ಕಲಿತು ಬಂದಳು. ಗೇಮಿಗೆ ಮಾಡ್ ಮಾಡುವವರು ದೇಶದೇಶದಲ್ಲಿದ್ದಾರಲ್ಲ, ಅವರಲ್ಲಿ ಯಾರೋ ಹೇಳಿಕೊಟ್ಟರಂತೆ. ಅದರ ಹೆಸರು ವರ್ಷನ್ ಕಂಟ್ರೋಲ್.

"ಫೋಲ್ಡರ್ ಒಂದೇ ಇರುತ್ತೆ ಮಿಸ್. ಒಂದು ಕೆಲ್ಸ ಮುಗೀತು ಅಂದಾಗ ಕಮಿಟ್ ಅಂತ ಮಾಡೋದು. ಆಗ ಆ ಹೊತ್ತಿಗೆ ಎಲ್ಲಾ ಹೇಗಿತ್ತೋ ಹಾಗೇ ಉಳ್ಕೊಳ್ಳುತ್ತೆ. ಏನ್ ಮಾಡಿದ್ವಿ ಅಂತ ಒಂದ್ ಸಾಲು ಬರೀಬೇಕು. ಯಾವಾಗ ಬೇಕಾದ್ರೂ ಹಿಂದಕ್ಕೆ ಹೋಗಿ ನೋಡ್ಬಹುದು."

"ಅಂದರೆ ರಬ್ಬರ್ ಇಲ್ಲ" ಎಂದೆ.

ಅವಳು ಒಂದು ಕ್ಷಣ ನನ್ನ ಮುಖ ನೋಡಿ, "ರಬ್ಬರ್ ಇಲ್ಲ ಮಿಸ್" ಎಂದಳು.

ಶುರುವಿನಲ್ಲಿ ಎಡವಿದಳು. ತನ್ನ ರಸ್ತೆಯ ಜೊತೆಗೆ ಇಡೀ ಗೇಮನ್ನೇ ಅದರೊಳಗೆ ಹಾಕಿ, ಇಂಟರ್ನೆಟ್ಟಿನಲ್ಲಿ ಒಂದು ಪ್ರತಿ ಇರಲೆಂದು ಕಳಿಸತೊಡಗಿದಳು. ನಮ್ಮ ಸಿಗ್ನಲ್ ಗೊತ್ತಲ್ಲ. ಮೂರು ದಿನ ಲ್ಯಾಪ್‌ಟಾಪ್ ಕಿಟಕಿಯ ಮೇಲೆ ಕೂತಿತ್ತು, ನಾನು ಅದರ ಪಕ್ಕದಲ್ಲೇ ಹಪ್ಪಳ ಒಣಗಿಸಿದೆ. ಕೊನೆಗೆ ಗೊತ್ತಾಯಿತು, ಯಾವುದನ್ನು ಇಟ್ಟುಕೊಳ್ಳಬಾರದು ಎನ್ನುವುದಕ್ಕೂ ಒಂದು ಪಟ್ಟಿ ಬರೆದಿಡಬೇಕಂತೆ. ಗೇಮಿನವರು ಮಾಡಿದ್ದು ಬೇಡ, ತಾನು ಮಾಡಿದ್ದು ಮಾತ್ರ ಸಾಕು. ಆ ಪಟ್ಟಿ ನನಗೆ ಬಹಳ ಹಿಡಿಸಿತು. ನನ್ನ ಬೀರುವಿಗೂ ಅಂಥದ್ದೊಂದು ಬೇಕು.

ಆದರೆ ಅವಳು ಬರೆದ ಸಾಲುಗಳನ್ನು ಓದಿ ನನಗೆ ತಡೆಯಲಾಗಲಿಲ್ಲ. ಅಪ್‌ಡೇಟ್, ಅಪ್‌ಡೇಟ್ ಎರಡು, ಮತ್ತೆ ಅಪ್‌ಡೇಟ್.

"ಏನಿದು? ನಾಳೆ ನಿನಗೇ ಅರ್ಥವಾಗುತ್ತದಾ?"

"ಹಾಗಾದ್ರೆ ನೀವೇ ಬರೀರಿ ಮಿಸ್."

ಹೀಗೆ ಎಪ್ಪತ್ತಾರನೆಯ ವಯಸ್ಸಿನಲ್ಲಿ ನನಗೊಂದು ಹುದ್ದೆ ಸಿಕ್ಕಿತು. ಎಲ್ಲಿ ಬದಲಾಯಿತು, ಏನು ಬದಲಾಯಿತು, ಸಾಧ್ಯವಾದರೆ ಯಾಕೆ, ಇಷ್ಟೂ ಒಂದೇ ಸಾಲಿನಲ್ಲಿ, ಪ್ಲೇನ್ ಇಂಗ್ಲಿಷಿನಲ್ಲಿ. ಸೇತುವೆಯ ಪಕ್ಕ ಪೆಟ್ಟಿಗೆ ಅಂಗಡಿ ಸೇರಿಸಿದೆ, ಬ್ರೇಕ್ ಹಾಕುವ ಗುರುತಿಗೆ. ಎಸ್ಟೇಟ್ ಗೇಟಿನ ಮುಂದೆ ರಸ್ತೆ ಅಗಲಿಸಿದೆ, ಜೀಪು ಅಲ್ಲೇ ತಿರುಗಿಸುವುದರಿಂದ. ಸಂಜೆ ಆ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ರಸ್ತೆ ಹುಟ್ಟುವುದೇ ಕಾಣುತ್ತಿತ್ತು. ನನ್ನ ಬೋರ್ಡಿಗೂ ಹೀಗೊಂದು ಇದ್ದಿದ್ದರೆ ಎಂದುಕೊಂಡೆ.

ಬಾಳೂರು ದಾಟಿದ ಮೇಲೆ ಎಡಕ್ಕೆ ಒಂದು ಕಡಿದಾದ ತಿರುವಿದೆ, ಬಲಗಡೆ ಕಣಿವೆ. ತಿರುವಿನ ಬಾಯಲ್ಲಿ ಕುಂಕುಮ ಮೆತ್ತಿದ ಒಂದು ಕಲ್ಲು, ದಾರಿ ಕಾಯುವ ಚೌಡಿ. ಹುಡುಗಿ ಒಂದು ಭಾನುವಾರ ಹೋಗಿ ಅದರ ಫೋಟೋ ತೆಗೆದು ತಂದು, ಅಚ್ಚು ಹಾಗೆಯೇ ಗೇಮಿನೊಳಗೆ ಕೂರಿಸಿದಳು. ಅಪ್ಪನಿಗೆ ಸರ್ಪ್ರೈಸ್.

ಅಪ್ಪ ಅಂದು ಬಸ್ಸನ್ನು ಸೀದಾ ಕಣಿವೆಗೆ ಇಳಿಸಿದರು.

"ತಿರುವು ತಪ್ಪಿದೆ" ಎಂದರು. "ಇನ್ನೂ ಸ್ವಲ್ಪ ಅಗಲ ಇತ್ತು."

ಅವಳು ಅಗಲ ಮಾಡಿದಳು. ಕಮಿಟ್. ಬಸ್ಸು ಮತ್ತೆ ಬಿತ್ತು. ಇಳಿಜಾರು ಕಡಿಮೆ ಮಾಡಿದಳು. ಕಮಿಟ್. ಮತ್ತೆ ಬಿತ್ತು. ಮುಂದಿನ ಭಾನುವಾರ, ಅದರ ಮುಂದಿನ ಭಾನುವಾರ, ಅದೇ ಜಾಗದಲ್ಲಿ ಅದೇ ಬಸ್ಸು. ಮೊದಮೊದಲು ನಾವು ನಗುತ್ತಿದ್ದೆವು. "ಇವತ್ತು ಪ್ಯಾಸೆಂಜರ್ ಎಷ್ಟಪ್ಪಾ?" ಎಂದು ಮಗಳು ರೇಗಿಸುವಳು. ಆಮೇಲೆ ಅವರು ನಗುವುದನ್ನು ನಿಲ್ಲಿಸಿದರು. ಒಂದು ದಿನ, ಅವಳು ಕಾಫಿ ತರಲು ಎದ್ದಾಗ, ನನ್ನ ಕಡೆ ತಿರುಗದೆಯೇ ಹೇಳಿದರು:

"ಮಿಸ್ಸೇ, ನಮ್ಮಣ್ಣನಿಗೂ ಹೀಗೇ ಶುರುವಾಗಿದ್ದು. ಮೊದ್ಲು ಒಂದು ಗದ್ದೆ ಬದು ಮರ್ತ. ಕೊನೆಗೆ ಮನೆ ದಾರಿ ಮರ್ತ. ಈ ತಿರುವು ನಾನು ಕಣ್ ಮುಚ್ಕೊಂಡು ಓಡ್ಸಿದ್ದು. ಈಗ ಅದು ಹೇಗಿತ್ತು ಅಂತ್ಲೇ ಬರ್ತಾ ಇಲ್ಲ. ಅವ್ಳಿಗೆ ಹೇಳ್ಬೇಡಿ."

ಮರೆವಿನ ಭಯ ನನಗೇನೂ ಹೊಸದಲ್ಲ. ಆದರೆ ನಾನು ಮರೆತರೆ ಒಂದು ಪದ್ಯ ಹೋಗುತ್ತದೆ, ಕನ್ನಡಕ ಎಲ್ಲಿಟ್ಟೆ ಎನ್ನುವುದು ಹೋಗುತ್ತದೆ. ಆ ಮನುಷ್ಯನಿಗೆ ಉಳಿದಿದ್ದೇ ಆ ರಸ್ತೆ.

ನಾನು ಹೇಳಲಿಲ್ಲ. ಆದರೆ ಮುಂದಿನ ವಾರ ಅವರು ಟೇಬಲ್ಲಿಗೆ ಬರಲಿಲ್ಲ, ಮೊಣಕಾಲು ನೋವೆಂದು ಹೇಳಿ ಕಳಿಸಿದರು. ಮಗಳಿಗೆ ಹೇಳದೆಯೇ ಏನೋ ಗೊತ್ತಾಗಿರಬೇಕು. ಸುಮ್ಮನೆ ಕೂತು ಹಳೆಯ ಸಾಲುಗಳನ್ನು ಮೇಲೆ ಕೆಳಗೆ ಮಾಡುತ್ತಿದ್ದಳು. ನಾನು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದೆ. ಚೌಡಿ ತಿರುವು ಅಗಲ ಮಾಡಿದೆ. ಚೌಡಿ ತಿರುವಿನ ಇಳಿಜಾರು ತಗ್ಗಿಸಿದೆ. ಚೌಡಿ ತಿರುವು ಮತ್ತೆ ಕಿರಿದು. ಎಣಿಸಿದರೆ ಒಂಬತ್ತು ಕಮಿಟ್, ಒಂಬತ್ತೂ ಅದೇ ತಿರುವಿನದ್ದು.

"ಬೇರೆ ಒಂದು ತಿರುವನ್ನೂ ಅವರು ತಪ್ಪು ಅನ್ನಲಿಲ್ಲವಲ್ಲೇ" ಎಂದೆ.

ಅವಳು ನೆಟ್ಟಗೆ ಕೂತಳು. "ಅಪ್ಪನ್ನ ಕರೀರಿ ಮಿಸ್. ನೀವು ಕರೆದ್ರೆ ಇಲ್ಲ ಅನ್ನಲ್ಲ."

ಅವರು ಒಂದೊಂದು ಮೆಟ್ಟಿಲಿಗೂ ಗೊಣಗುತ್ತ ಇಳಿದು ಬಂದರು. ಅವಳು ರಸ್ತೆಯನ್ನು ಒಂದೊಂದೇ ಕಮಿಟ್ ಹಿಂದಕ್ಕೆ ಕೊಂಡೊಯ್ದಳು. ಅಪ್ಪ ಓಡಿಸಬೇಕು, ಬಿದ್ದರೆ ಇನ್ನೊಂದು ಹಿಂದಕ್ಕೆ. ಒಂಬತ್ತನೆಯದರಲ್ಲಿ ಬಿತ್ತು, ಎಂಟನೆಯದರಲ್ಲಿ ಬಿತ್ತು, ಮೊದಲನೆಯದರಲ್ಲೂ ಬಿತ್ತು. ಅದಕ್ಕೂ ಹಿಂದಿನದು ಕಲ್ಲು ಕೂರಿಸಿದ ಕಮಿಟ್. ಅಲ್ಲೂ ಬಿತ್ತು. ಅವರ ಮುಖ ಇಷ್ಟೇ ಇಷ್ಟಾಯಿತು. ಅವಳು ಇನ್ನೊಂದು ಹೆಜ್ಜೆ ಹಿಂದೆ ಹೋದಳು, ಕಲ್ಲು ಇನ್ನೂ ಇಲ್ಲದ ದಿನಕ್ಕೆ.

ಬಸ್ಸು ಆ ತಿರುವನ್ನು ಬೆಣ್ಣೆಯ ಹಾಗೆ ತೆಗೆದುಕೊಂಡಿತು.

"ನೋಡಿ, ಇದೇ ರಸ್ತೆ!" ಎಂದು ಅವರು ಕೂಗಿದರು. "ಇದೇ ಇದ್ದದ್ದು!"

ಹುಡುಗಿಗೆ ಬುದ್ಧಿ ಓಡಲಿಲ್ಲ. ಕಲ್ಲು ಇರುವುದು ರಸ್ತೆಯ ಆಚೆ, ಚಕ್ರಕ್ಕೆ ತಗಲುವುದೂ ಇಲ್ಲ. ಎರಡು ಕಮಿಟ್‌ಗಳ ನಡುವೆ ಆ ಕಲ್ಲೊಂದು ಬಿಟ್ಟು ಇನ್ನೇನೂ ಬದಲಾಗಿಲ್ಲವೆಂದು ಕಂಪ್ಯೂಟರೇ ಸಾಲು ಸಾಲಾಗಿ ತೋರಿಸುತ್ತಿತ್ತು. ಕಲ್ಲನ್ನು ಮತ್ತೆ ಇಟ್ಟು ಇನ್ನೊಮ್ಮೆ ಓಡಿಸಲು ಹೇಳಿದಳು. ಅವಳ ಕಣ್ಣು ಸ್ಕ್ರೀನಿನ ಮೇಲೆ, ಅಪ್ಪನ ಕಣ್ಣೂ ಸ್ಕ್ರೀನಿನ ಮೇಲೆ. ನನಗೆ ಆ ಬೆಳಕನ್ನು ನೋಡಿದರೆ ಕಣ್ಣಲ್ಲಿ ನೀರು ಬರುತ್ತದೆ, ಹಾಗಾಗಿ ನಾನು ಅವರ ಕೈ ನೋಡುತ್ತ ಕೂತೆ.

ಎಡಗೈ ಆಕ್ಸಿಲರೇಟರ್ ಕೀ ಮೇಲೆ. ಬಲಗೈ ಬೆರಳುಗಳು ಬಸ್ಸು ತಿರುಗಿಸುವ ಬಾಣದ ಕೀಗಳ ಮೇಲೆ. ಬಾಳೂರು ದಾಟಿತು. ಸಿಲ್ವರ್ ಓಕ್ ಸಾಲು ಮುಗಿಯಿತು. ಕಲ್ಲು ಕಂಡಿತು. ಬಲಗೈ ಕೀ ಬಿಟ್ಟು ಮೇಲೆದ್ದು, ಎದೆ ಮುಟ್ಟಿ, ತುಟಿ ಮುಟ್ಟಿ, ಕೆಳಗೆ ಬಂತು. ಅಷ್ಟರಲ್ಲಿ ಬಸ್ಸು ಕಣಿವೆಯಲ್ಲಿತ್ತು.

"ಕೈ ಮುಗಿದಿರಿ" ಎಂದೆ.

"ಯಾರು?"

"ನೀವೇ ಮಾರಾಯ್ರೇ! ಚೌಡಿಗೆ!"

ಅವರಿಗೆ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಓಡಿಸಿದರು. ಕೈ ಎದೆಯ ಹತ್ತಿರ ಇರುವಾಗ ತಾವೇ ಅದನ್ನು ನೋಡಿದರು, ಬೇರೆ ಯಾರದೋ ಕೈ ನೋಡುವ ಹಾಗೆ. ಇಪ್ಪತ್ತೆಂಟು ವರ್ಷ, ದಿನಕ್ಕೆ ನಾಲ್ಕು ಸಲ, ಆ ಕೈ ಅಲ್ಲಿ ಎದ್ದಿತ್ತು. ನಿಜವಾದ ಬಸ್ಸಿನಲ್ಲಿ ಎಡಗೈ ಸ್ಟೀರಿಂಗ್ ಹಿಡಿದೇ ಇರುತ್ತಿತ್ತು, ಬಸ್ಸು ತಿರುಗುತ್ತಿತ್ತು. ಇಲ್ಲಿ ಕೀ ಬಿಟ್ಟರೆ ಆಯಿತು, ಹಿಡಿಯುವವರಿಲ್ಲ.

ಮಗಳು ಮೊದಲು ನಕ್ಕಳು, ಆಮೇಲೆ ಅಪ್ಪನ ಹೆಗಲ ಮೇಲೆ ತಲೆಯಿಟ್ಟಳು. ಅವರು, "ಹಾಗಾದ್ರೆ ನಾನು ಮರ್ತಿಲ್ಲ" ಎಂದರು. ಅಷ್ಟು ಮೆಲ್ಲಗೆ ಎಂದರೆ ಪಕ್ಕದಲ್ಲಿದ್ದ ನಮಗಷ್ಟೇ ಕೇಳಿಸಿತು.

"ಇನ್ಮೇಲೆ ಕೀ ಬಿಡ್ಬೇಡಿ ಅಷ್ಟೆ" ಎಂದಳು ಮಗಳು.

"ಬಿಡದೇ ಇದ್ರೆ ಚೌಡಿಗೆ ಏನ್ ಹೇಳ್ಲಿ? ಲೀವ್ ಹಾಕಿದೀನಿ ಅಂತ್ಲಾ?"

ಅವಳು ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. ತಿರುವನ್ನು ಆ ಒಂಬತ್ತಕ್ಕೂ ಮೊದಲು ಹೇಗಿತ್ತೋ ಹಾಗೆ ಹಿಂದಕ್ಕೆ ತಂದಳು, ಕಲ್ಲನ್ನು ಅದರ ಜಾಗದಲ್ಲೇ ಉಳಿಸಿದಳು. ಓಡಿಸುವುದು, ತಿರುಗಿಸುವುದು ಎರಡನ್ನೂ ಎಡಗೈ ಬೆರಳಿಗೆ ಬರುವ ಅಕ್ಷರಗಳಿಗೆ ಬದಲಾಯಿಸಿದಳು. ಬಲಗೈ ಫ್ರೀ. ನಾನು ಕಲಿಸಿದ ಯಾವ ಹುಡುಗಿಗೂ ನಾನು ಅಷ್ಟು ಮನಸಾರೆ ವೆರಿ ಗುಡ್ ಅಂದಿಲ್ಲ.

"ಆ ಒಂಬತ್ತನ್ನ ತೆಗೆದುಬಿಡ್ಬಹುದು ಮಿಸ್, ಹಿಸ್ಟರಿ ಕ್ಲೀನ್ ಆಗುತ್ತೆ. ತೆಗೀಲಾ?"

"ಮುಟ್ಟಿದರೆ ನೋಡು" ಎಂದೆ. ಸಿಸ್ಟರ್ ದನಿಯೇ ನನ್ನ ಗಂಟಲಿನಿಂದ ಬಂದ ಹಾಗಾಯಿತು. "ಅವು ಇಲ್ಲದಿದ್ದರೆ ಇವತ್ತು ನಮಗೆ ಗೊತ್ತಾಗುತ್ತಿತ್ತಾ?"

ಕಮಿಟ್ ಮಾಡುವ ಮುಂಚೆ ಸಾಲು ಬರೆಯಲು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ನಾನು ಕನ್ನಡಕ ಏರಿಸಿಕೊಂಡು ಇಂಗ್ಲಿಷ್ ಹುಡುಕುತ್ತಿದ್ದೆ. ಅವಳ ಅಪ್ಪ ಕೈ ಅಡ್ಡ ಇಟ್ಟರು.

"ಇದೊಂದು ಕನ್ನಡದಲ್ಲಿರ್ಲಿ ಮಿಸ್ಸೇ. ನಾ ಹೇಳ್ತೀನಿ, ನೀವು ಬರೀರಿ."

ಅವರು ಹೇಳಿದ್ದನ್ನು ನಾನು ಒಂದೊಂದೇ ಅಕ್ಷರ ಒತ್ತಿ ಬರೆದೆ. ಚೌಡಿ ತಿರುವು ಮೊದಲು ಹೇಗಿತ್ತೋ ಹಾಗೇ ಇದೆ. ಡ್ರೈವರಿಗೆ ನೆನಪಿದೆ.

ಅವಳು ಎಂಟರ್ ಒತ್ತಿದಳು. ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, "ಕಳಸದವ್ರು ಯಾರಿದ್ದೀರಿ, ಒಳಗೆ ಹೋಗಿ, ಒಳಗೆ ಹೋಗಿ" ಎಂದು ನಮ್ಮಿಬ್ಬರಿಗೇ ಹೇಳಿ ಬಸ್ಸು ಹೊರಡಿಸಿದರು. ತಿರುವಿನಲ್ಲಿ ಬಲಗೈ ಎದ್ದಿತು. ಈ ಸಲ ನಾನೂ ಕೈ ಮುಗಿದೆ.