ಮೀಟರಿನ ಗಾಜಿನ ಮೇಲೆ ಎಳೆದ ಗೆರೆ

ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಾನು ಮುದ್ದೆ ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಮ್ಮದೊಂದು ಹಳೇ ಅಂಬಾಸಿಡರ್ ಟ್ಯಾಕ್ಸಿ ಇತ್ತು. ಪೆಟ್ರೋಲ್ ಕುಡಿದು ಕುಡಿದು ಇದು ನಮ್ಮನ್ನೇ ಮುಗಿಸುತ್ತದೆ ಎಂದು ನಮ್ಮ ಯಜಮಾನರು ಅದರ ಎಂಜಿನ್ ಇಳಿಸಿ, ಯಾವುದೋ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದರು. ಆಗೆಲ್ಲ ಅದೇ ರೂಢಿ. ಎರಡೇ ತಿಂಗಳಿಗೆ ಆ ಎಂಜಿನ್ ವಿಪರೀತ ಕಾದು, ಹೆಡ್ ಬಿರಿದು, ನಡುರಸ್ತೆಯಲ್ಲಿ ನಿಂತಿತು. ತಮಾಷೆ ಏನೆಂದರೆ, ಅದು ಸಾಯುವಾಗಲೂ ಸ್ಟೇರಿಂಗಿನ ಮುಂದಿನ ಮೀಟರಿನಲ್ಲಿ ಶಾಖದ ಮುಳ್ಳು ಅರ್ಧಕ್ಕೇ ಆರಾಮಾಗಿ ನಿಂತಿತ್ತಂತೆ.

ಅದೇ ಜಾತಿಯ ಇನ್ನೊಂದು ಎಂಜಿನ್ ತಂದು ಕೂರಿಸಿದ್ದಾಯಿತು. ಇದೂ ಕೈಕೊಟ್ಟರೆ ಯಜಮಾನರು ಮತ್ತೆ ಕೊಬ್ಬರಿ ಲಾರಿ ಹತ್ತಬೇಕಿತ್ತು. ಹಿಂದೆ ಎಂಟು ವರ್ಷ ಅವರು ತಿಪಟೂರಿನಿಂದ ದಿಲ್ಲಿಗೆ ಲಾರಿ ಓಡಿಸಿದವರು. ಅಪರೂಪಕ್ಕೆ ಮನೆಗೆ ಬಂದರೆ ಮಗಳು ಬಾಗಿಲ ಹಿಂದೆ ನಿಂತು, ಯಾರೋ ನೆಂಟರು ಬಂದಿದ್ದಾರೆ ಅನ್ನುವ ಹಾಗೆ ನೋಡುತ್ತಿದ್ದಳು. ಲಾರಿ ಮಾಲೀಕರು, ಯುಗಾದಿಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರನ್ನು ಹಾಕಿಕೊಳ್ಳುತ್ತೇನೆ ಎಂದು ಹೇಳಿಕಳಿಸಿದ್ದರು. ನನಗೆ ಗಂಡ ಮನೆಯಲ್ಲಿ ಬೇಕಿತ್ತು. ಅದನ್ನು ಹೇಳಿಕೊಳ್ಳಲು ನನಗೆ ಆಗಲೂ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ.

ಪಕ್ಕದ ಶೆಡ್ಡಿನ ವೈರಿಂಗ್ ಕೆಲಸದವನು ಎರಡು ದಿನ ಕೂತು ವೈರುಗಳನ್ನೆಲ್ಲ ಹೊಸದಾಗಿ ಎಳೆದ. ಕೀ ತಿರುಗಿಸಿದರೆ ಆಯಿಲ್ ದೀಪ, ಬ್ಯಾಟರಿ ದೀಪ ಎರಡೂ ಹತ್ತಿದವು, ಎಂಜಿನ್ ಶುರುವಾದ ಮೇಲೆ ಲಕ್ಷಣವಾಗಿ ಆರಿದವು. ಶಾಖದ ಮುಳ್ಳು ಮಾತ್ರ ಎಷ್ಟು ಹೊತ್ತು ಓಡಿಸಿದರೂ ಕಾಲು ಭಾಗ ದಾಟಲಿಲ್ಲ. ಮೀಟರು ಹಳೇ ಕಾರಿನದು, ಎಂಜಿನ್ನಿನಲ್ಲಿ ಕೂತು ಅದಕ್ಕೆ ಶಾಖ ತಿಳಿಸುವ ಸೆನ್ಸರು ವ್ಯಾನಿನದು, ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ ಎಂದ ಅವನು. ಹಳೇ ಸೆನ್ಸರನ್ನೇ ಹಾಕೋಣವೆಂದರೆ ಈ ಎಂಜಿನ್ನಿನ ತೂತಿಗೆ ಅದು ಕೂರುವುದಿಲ್ಲವಂತೆ. ಯಜಮಾನರು ಹೋಗಲಿ ಬಿಡು ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು.

"ಮೀಟರು ಸುಳ್ಳು ಹೇಳಿದ್ರೆ ಹೇಳ್ಲಿ ಬುಡಪ್ಪ. ಎಷ್ಟು ಸುಳ್ಳು ಹೇಳ್ತದೆ ಅಂತ ನಮಗೆ ಗೊತ್ತಾದ್ರೆ ಸಾಕು. ಆ ಸೆನ್ಸರ್ ಬಿಚ್ಚು, ಎಸರಿಗೆ ಹಾಕಿ ನೋಡನ," ಎಂದೆ.

ಪಂಪ್ ಸ್ಟವ್ ತಂದು ಕಾರಿನ ಮುಂದೆ ಇಟ್ಟು, ಪಾತ್ರೆಯಲ್ಲಿ ನೀರಿಟ್ಟೆ. ವೈರಿಂಗಿನವನು ಉದ್ದನೆಯ ವೈರು ಕಟ್ಟಿ ಸೆನ್ಸರನ್ನು ನೀರಿಗೆ ಇಳಿಬಿಟ್ಟ. ಮುಳ್ಳು ಅಲುಗಲಿಲ್ಲ. ಅವನು ಹಣೆ ಚಚ್ಚಿಕೊಂಡ. ಎಂಜಿನ್ನಿನಲ್ಲಿದ್ದಾಗ ಅದರ ಕಬ್ಬಿಣದ ಮೈಯಿಂದಲೇ ಅರ್ಥ್, ಅಂದರೆ ಕರೆಂಟು ವಾಪಸಾಗುವ ದಾರಿ, ಸಿಗುತ್ತದೆ, ಪಾತ್ರೆಯಲ್ಲಿ ಎಲ್ಲಿಂದ ಸಿಗಬೇಕು? ಕಾರಿನ ಬಾಡಿಯಿಂದ ಇನ್ನೊಂದು ವೈರು ಎಳೆದು ಸೆನ್ಸರಿಗೆ ಸುತ್ತಿದ ಮೇಲೆ ಮುಳ್ಳಿಗೆ ಜೀವ ಬಂತು.

ಎಸರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ತಳದಲ್ಲಿ ಸಾಸಿವೆಯಷ್ಟು ಗುಳ್ಳೆ ಕಟ್ಟಿದಾಗ ಮುಳ್ಳು ಮಲಗೇ ಇತ್ತು. ನೀರು ಗುಂಯ್‌ಗುಡುವ ಹೊತ್ತಿಗೆ ಕಾಲು ಭಾಗಕ್ಕೆ ಬಂತು. ಕೊತಕೊತ ಕುದಿಯುವಾಗ ಸರಿಯಾಗಿ ಅರ್ಧಕ್ಕೆ ನಿಂತಿತು. ಮೊದಲನೇ ಡೀಸೆಲ್ ಎಂಜಿನ್ ಯಾಕೆ ಸತ್ತಿತು ಎಂದು ಆಗ ಮೂವರಿಗೂ ಗೊತ್ತಾಯಿತು. ಮಗಳ ಕೆಂಪು ನೈಲ್ ಪಾಲಿಶ್ ತರಿಸಿದೆ. ವೈರಿಂಗಿನವನು ಪಕ್ಕದ ಕಿಟಕಿಯಿಂದ ಬಗ್ಗಿ ಗಾಜಿನ ಮೇಲೆ ಗೆರೆ ಎಳೆಯಹೋದ. ಗಾಡಿ ಓಡಿಸುವವನು ನೀನಲ್ಲ ಕಣಪ್ಪ ಎಂದು ತಡೆದು, ಯಜಮಾನರನ್ನು ಸ್ಟೇರಿಂಗಿನ ಮುಂದೆ ನೆಟ್ಟಗೆ ಕೂರಿಸಿ, ಅವರ ಕಣ್ಣಿಗೆ ಮುಳ್ಳು ಎಲ್ಲಿ ಕಾಣುತ್ತದೋ ಅಲ್ಲೇ ಅವರ ಕೈಯಲ್ಲೇ ಎಳೆಸಿದೆ.

ಮಾಘ ಮಾಸದಲ್ಲಿ ಅವರು ಗಂಡಿನ ಕಡೆಯವರನ್ನು ತುರುವೇಕೆರೆಯ ಮದುವೆಗೆ ಕರೆದುಕೊಂಡು ಹೊರಟರು. ದಾರಿಯುದ್ದಕ್ಕೂ ಜನ ರಸ್ತೆಯ ಮೇಲೆ ಹುರುಳಿ ಹರವಿದ್ದರು. ವಾಹನ ಹರಿದರೆ ಒಕ್ಕಣೆ ಪುಕ್ಕಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟಿತು. ಯಜಮಾನರು ಗಾಡಿ ನಿಲ್ಲಿಸಿದರು. ಮದುವೆ ಹುಡುಗನ ಸೋದರಮಾವ ಬಗ್ಗಿ ನೋಡಿ, ಮುಳ್ಳು ಅರ್ಧದಲ್ಲೇ ಇದೆಯಲ್ಲ, ಮುಹೂರ್ತ ಮೀರುತ್ತದೆ ನಡಿ ಎಂದು ಎಗರಾಡಿದರಂತೆ.

"ಈ ಗೆರೆ ನಮ್ಮನೆಯೋಳು ಎಸರಿಟ್ಟು ಎಳೆಸಿರೋದು ಕಣ್ರೀ. ನಾನು ದಾಟಲ್ಲ," ಎಂದು ಯಜಮಾನರು ಇಳಿದು ಬಾನೆಟ್ ಎತ್ತಿದರು.

ರೇಡಿಯೇಟರಿನ ಮುಖದ ತುಂಬ ಹುರುಳಿ ಹೊಟ್ಟು ಮೆತ್ತಿಕೊಂಡಿತ್ತು, ಗಾಳಿ ಆಡಲು ಬೆರಳಗಲ ಜಾಗವಿರಲಿಲ್ಲ. ಒಳಗೆ ನೀರು ಕೊತಕೊತ ಅನ್ನುವುದು ಸೋದರಮಾವನ ಕಿವಿಗೂ ಕೇಳಿಸಿತು. ಪಂಚೆ ಎತ್ತಿ ಕಟ್ಟಿ ಹೊಟ್ಟು ಕೀಳಲು ಅವರೂ ನಿಂತರಂತೆ. ಎಂಜಿನ್ ತಣ್ಣಗಾದ ಮೇಲೆ ಹೊರಟು, ತಾಳಿ ಕಟ್ಟುವ ಮುಂಚೆಯೇ ಮಂಟಪ ಸೇರಿದರು.

ಸಂಜೆ ಮುದ್ದೆ ಮುರಿಯುತ್ತಾ ಇದನ್ನೆಲ್ಲ ನನಗೆ ಹೇಳಿದರು. ಖುಷಿಗೆ ನಾನು ಇನ್ನೊಂದು ಸೌಟು ಸಾರು ಬಡಿಸಿದೆ. ಯುಗಾದಿಗೆ ಇನ್ನೂ ತಿಂಗಳ ಮೇಲಿತ್ತು. ಕೈ ತೊಳೆದವರು, ಲಾರಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಮಾಲೀಕರಿಗೆ ಹೇಳಲು ಎದುರಿನ ಫೋನ್ ಬೂತಿಗೆ ಹೊರಟರು. ಮಗಳು ಬಾಗಿಲ ಹಿಂದಿನಿಂದ ಓಡಿಬಂದು ಅವರ ಬೆರಳು ಹಿಡಿದುಕೊಂಡು ಜೊತೆಗೆ ಹೋದಳು.