ಡೋಣಿ ಬಸ್ಸಿನ ಎರಡನೇ ಜೋಡಿ ಕಣ್ಣು

1999ರಲ್ಲಿ ನಾನು ಗದಗ ಜಿಲ್ಲೆಯ ಒಂದು ಸರಕಾರಿ ಬಸ್ ಡಿಪೋದಲ್ಲಿ ಕಾರ್ಮಿಕ ಕಲ್ಯಾಣ ಅಧಿಕಾರಿಯಾಗಿದ್ದೆ. ಡಿಪೋ ಯಾವ ಊರಿನದೆಂದು ಬರೆಯುವುದಿಲ್ಲ. ಅಲ್ಲಿದ್ದವರ ಮಕ್ಕಳು ಇನ್ನೂ ಅದೇ ಕೆಲಸದಲ್ಲಿದ್ದಾರೆ. ಆಗಿನ್ನೂ ಜಿಲ್ಲೆ ಹೊಸದು. ನನ್ನ ಹುದ್ದೆಯ ಹೆಸರಿನಲ್ಲಿ ಕಲ್ಯಾಣವಿತ್ತೇ ಹೊರತು ಕೆಲಸವೆಲ್ಲ ರಜೆ ಅರ್ಜಿ, ಜಗಳದ ಪಂಚಾಯಿತಿ ಮತ್ತು ಮೇಲಿನವರು ತೋರಿಸಿದ ಜಾಗದಲ್ಲಿ ಸಹಿ.

ಒಂದು ಸಂಜೆ ಡೋಣಿಯಲ್ಲಿ ಮದುವೆಯೊಂದರ ಊಟ ಮುಗಿಸಿ ಗದಗಿನ ಬಸ್ಸು ಹತ್ತಿದೆ. ನಮ್ಮ ಡಿಪೋದ ಬಸ್ಸೇ ಅದು. ಡ್ರೈವರ್ ಖಾದರಸಾಬರು ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಒಂದು ಅಪಘಾತವನ್ನೂ ಮಾಡದ ಮನುಷ್ಯ. ಕಂಡಕ್ಟರ್ ಈರಪ್ಪ ವಯಸ್ಸಿನಲ್ಲಿ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. ಟಿಕೆಟ್ ಕೊಟ್ಟ ಮೇಲೆ ಅವನು ಬಾಗಿಲ ಕಡೆ ಹೋಗದೆ ಡ್ರೈವರನ ಪಕ್ಕದಲ್ಲಿ ಬಾನೆಟ್ಟಿಗೆ ಒರಗಿ ನಿಂತು ಹರಟೆ ಶುರುಮಾಡಿದ.

"ಕಾಕಾ, ಶೇಂಗಾದ ಟ್ರ್ಯಾಕ್ಟರ್ ನಿಂತೈತಿ ನೋಡ, ಎಡಕ್ಕ."

"ಹೂಂ."

"ಬಲಕ್ಕ ಕುರಿ ಅದಾವ. ಮುದುಕ ಕೋಲು ಹಿಡ್ಕೊಂಡು ನಿಂತಾನ."

ಮೊದಲು ಹೊತ್ತು ಕಳೆಯುವ ಮಾತೆಂದುಕೊಂಡೆ. ಹತ್ತು ನಿಮಿಷವಾದ ಮೇಲೆ ಗಮನವಿಟ್ಟು ಕೇಳಿದೆ. ಈರಪ್ಪನ ಮಾತಿನಲ್ಲಿ ಊರ ಸುದ್ದಿ ಒಂದೂ ಇರಲಿಲ್ಲ, ಬರೀ ರಸ್ತೆ ಇತ್ತು. ಖಾದರಸಾಬರು ಮೂಗಿನ ನೇರಕ್ಕೇ ನೋಡುತ್ತಿದ್ದರು. ಪಕ್ಕದ್ದನ್ನು ನೋಡಬೇಕಾದರೆ ಇಡೀ ತಲೆಯನ್ನೇ ತಿರುಗಿಸುತ್ತಿದ್ದರು.

ದಂಬಳ ದಾಟುವಾಗ ಹೊತ್ತು ಮುಳುಗುತ್ತಿತ್ತು. ಯಾರೋ ಚಿಲ್ಲರೆ ಕೇಳಿದ್ದಕ್ಕೆ ಈರಪ್ಪ ಹಿಂದಕ್ಕೆ ತಿರುಗಿದ. ಅಷ್ಟರಲ್ಲಿ ಎಡಗಡೆಯ ಕಾಲುದಾರಿಯಿಂದ ಮೇವಿನ ಹೊರೆ ಹೊತ್ತ ಹೆಂಗಸೊಬ್ಬಳು ರಸ್ತೆಗೆ ಕಾಲಿಟ್ಟಳು. ಬಸ್ಸಿನ ವೇಗ ಒಂಚೂರೂ ಕಡಿಮೆಯಾಗಲಿಲ್ಲ. "ಎಡಕ್ಕ! ಎಡಕ್ಕ!" ಎಂದು ಕೂಗಿದವನು ನಾನು. ಬ್ರೇಕ್ ಬಿತ್ತು. ಹೊರೆ ಚೆಲ್ಲಿತು, ಆಕೆ ಉಳಿದಳು. ಹಿಂದಿನ ಸೀಟಿನವನೊಬ್ಬ, "ಸಾಬರ ಕಂಟ್ರೋಲ್ ಅಂದ್ರ ಕಂಟ್ರೋಲ್ ಬಿಡ್ರಿ," ಎಂದು ಹೊಗಳಿದ. ಗದಗ ಮುಟ್ಟುವವರೆಗೆ ನಾನು ಸೀಟಿನ ಸರಳು ಬಿಡಲಿಲ್ಲ.

ಬಸ್ಸು ಖಾಲಿಯಾದ ಮೇಲೆ ಇಬ್ಬರನ್ನೂ ನಿಲ್ಲಿಸಿ ಕೇಳಿದೆ: "ಎಷ್ಟು ದಿವಸ ಆತು ಇದು?"

"ಎರಡು ವರ್ಷ ಆತ್ರಿ ಸಾಹೇಬ್ರ," ಎಂದರು ಖಾದರಸಾಬರು. "ನಡುವಿಂದು ಖರೇನ ಚಂದ ಕಾಣತೈತಿ. ಬಾಜೂದ್ದು ಇಲ್ಲ. ಕತ್ತಲಾದ್ರ ಇನ್ನೂ ಇಲ್ಲ."

"ಡಾಕ್ಟರಿಗೆ ಯಾಕ ಹೇಳಲಿಲ್ಲ?"

"ಗುರಪ್ಪ ಕಿವಿ ಕೇಳಂಗಿಲ್ಲಂತ ಹೇಳಿದ್ನಲ್ರಿ. ಎಂಟು ದಿನದಾಗ ಮನಿಗೆ ಕಳಿಸಿದ್ರಿ."

ಗುರಪ್ಪ ನಮ್ಮ ಡಿಪೋದ ಡ್ರೈವರ್. ಹಿಂದಿನ ವರ್ಷ ಅವನ ಅರ್ಜಿ ನನ್ನ ಮೇಜಿನ ಮೇಲಿಂದಲೇ ಹೋಗಿತ್ತು. ಅದಕ್ಕೆ ನಮ್ಮಲ್ಲೊಂದು ಪದ್ಧತಿಯಿತ್ತು. ಸ್ವಇಚ್ಛಾ ನಿವೃತ್ತಿಯ ಅರ್ಜಿ ಮೊದಲೇ ಟೈಪ್ ಆಗಿರುತ್ತಿತ್ತು, ಹೆಸರಿನ ಜಾಗ ಮಾತ್ರ ಖಾಲಿ. ವೈದ್ಯರು ಅನ್‌ಫಿಟ್ ಎಂದು ಬರೆದ ಕೂಡಲೇ ಹೆಸರು ತುಂಬಿ ಸಹಿ ಹಾಕಿಸುವುದು. ಯಾರನ್ನೂ ತೆಗೆದ ಹಾಗಾಗುವುದಿಲ್ಲ, ತಾವಾಗಿಯೇ ಹೋದ ಹಾಗೆ. ನಾಚಿಕೆಯಿಂದ ಬರೆಯುತ್ತಿದ್ದೇನೆ: ಅದು ಸಭ್ಯ ವ್ಯವಸ್ಥೆ ಎಂದೇ ನಾನು ನಂಬಿದ್ದೆ.

ಮರುದಿನ ಖಾದರಸಾಬರನ್ನು ಸ್ಟೇರಿಂಗ್‌ನಿಂದ ಇಳಿಸಿದೆ. ಅದರಲ್ಲಿ ದಯೆ ದಾಕ್ಷಿಣ್ಯದ ಮಾತಿಲ್ಲ. ಆಮೇಲೆ ಬೀರುವಿನಲ್ಲಿದ್ದ ಸುತ್ತೋಲೆಗಳ ಕಡತ ತೆಗೆದು, ಮೂರು ವರ್ಷದಿಂದ ಓದದೆ ಇಟ್ಟಿದ್ದನ್ನು ಓದಿದೆ. 1995ರ ಅಂಗವಿಕಲರ ಕಾಯ್ದೆ, ಕಲಂ 47: ಸೇವೆಯಲ್ಲಿದ್ದಾಗ ಅಂಗವಿಕಲನಾದ ನೌಕರನನ್ನು ಸರಕಾರಿ ಸಂಸ್ಥೆ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಇದ್ದ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಹುದ್ದೆಯೇ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು, ಬೇಕಾದರೆ ನಿವೃತ್ತಿಯವರೆಗೂ. ನೋಟದ ಹರವು ಇಪ್ಪತ್ತು ಡಿಗ್ರಿಗೆ ಇಳಿದರೂ ಆ ಕಾಯ್ದೆ ಅದನ್ನು ಅಂಧತ್ವವೆಂದೇ ಎಣಿಸುತ್ತಿತ್ತು. ಆಸ್ಪತ್ರೆಯ ಪರೀಕ್ಷೆಯಲ್ಲಿ ಖಾದರಸಾಬರ ಹರವು ಅದಕ್ಕಿಂತ ಕಡಿಮೆ ಬಂತು.

ವರದಿ ಬಂದ ದಿನವೇ ಡಿಪೋ ಮ್ಯಾನೇಜರ್ ಖಾದರಸಾಬರನ್ನು ತಮ್ಮ ಕೋಣೆಗೆ ಕರೆಸಿದರು. ನನಗೆ ಖಬರ ಮುಟ್ಟಿಸಿದವನು ಈರಪ್ಪ. ನಾನು ಒಳಗೆ ಹೋದಾಗ ಅದೇ ಟೈಪ್ ಮಾಡಿದ ಅರ್ಜಿ ಮೇಜಿನ ಮೇಲಿತ್ತು, ಪೆನ್ನು ಖಾದರಸಾಬರ ಕೈಯಲ್ಲಿತ್ತು.

"ಸಹಿ ಮಾಡಬ್ಯಾಡ್ರಿ," ಎಂದೆ.

ಅವರು ತಲೆಯನ್ನು ಪೂರ್ತಿ ತಿರುಗಿಸಿ ನನ್ನನ್ನು ಹುಡುಕಿದರು. "ನಾ ಸಹಿ ಮಾಡಿದ್ರ ಈರಪ್ಪನ ಮ್ಯಾಲೆ ಕೇಸ್ ಹಾಕಂಗಿಲ್ಲಂತ್ರಿ. ಅಂವಂದು ಸಣ್ಣ ವಯಸ್ಸು, ಸಾಹೇಬ್ರ. ಹೋಗ್ಲಿ ಬಿಡ್ರಿ."

ಮ್ಯಾನೇಜರ್ ಮುಗುಳ್ನಗುತ್ತಲೇ ಇದ್ದರು. "ಕಣ್ಣಿಲ್ಲದಾಂವಗ ಬಸ್ ಡಿಪೋದಾಗ ಏನ ಕೆಲಸ ಐತ್ರಿ? ನೀವ ಹೇಳ್ರಿ."

ನನಗೆ ನಿಜಕ್ಕೂ ಭಯವಾಯಿತು. ಆ ಮನುಷ್ಯ ನನ್ನನ್ನು ಎತ್ತಂಗಡಿ ಮಾಡಿಸಬಲ್ಲವರಾಗಿದ್ದರು. ಆದರೂ ಹೇಳಿದೆ: "ಅರ್ಜಿ ಮುಂದ ಹೋಗ್ಲಿ ಸಾಹೇಬ್ರ. ಕಲಂ 47ರ ಜೋಡಿ ನನ್ನ ಟಿಪ್ಪಣಿನೂ ಹೋಗತೈತಿ. ಏನ ಹೇಳಿ ಸಹಿ ಮಾಡಿಸಿದ್ರಿ ಅನ್ನೋದು ಅದರಾಗ ಇರತೈತಿ."

ಮ್ಯಾನೇಜರ್ ಅರ್ಜಿಯನ್ನು ಎಳೆದು ಡ್ರಾಯರಿಗೆ ಹಾಕಿದರು. ಹರಿದು ಹಾಕಲಿಲ್ಲ.

ಎರಡು ತಿಂಗಳ ಪತ್ರ ವ್ಯವಹಾರದ ನಂತರ ಆದೇಶ ಬಂತು: ಖಾದರಸಾಬರಿಗೆ ಬಿಡಿಭಾಗಗಳ ಸ್ಟೋರಿನಲ್ಲಿ ಹಗಲಿನ ಕೆಲಸ, ಅದೇ ಶ್ರೇಣಿ. ಈರಪ್ಪನಿಗೆ ಲಿಖಿತ ಎಚ್ಚರಿಕೆ, ಅದು ನ್ಯಾಯವೇ. ಗುರಪ್ಪನ ಕಡತ ಮತ್ತೆ ತೆರೆಯಬೇಕೆಂದು ಮೂರು ಸಲ ಬರೆದೆ. ನಾನು ಅಲ್ಲಿಂದ ವರ್ಗವಾಗುವವರೆಗೂ ಅದು ತೆರೆಯಲಿಲ್ಲ.

ಆ ಕಾಯ್ದೆಯ ಜಾಗದಲ್ಲಿ ಈಗ 2016ರದು ಬಂದಿದೆ. ಅದರ 20ನೇ ಕಲಮಿನಲ್ಲಿ ಇದೇ ರಕ್ಷಣೆ ಇದೆ. ತರಬೇತಿಗೆ ಬರುವ ಹೊಸ ಅಧಿಕಾರಿಗಳು ಅದನ್ನು ನೌಕರನ ಮೇಲಿನ ಕರುಣೆ ಎಂದುಕೊಳ್ಳುತ್ತಾರೆ. ಅವರಿಗೆ ನಾನು ಹೇಳುವುದಿಷ್ಟೇ: ಖರೆ ಹೇಳಿದವನ ಅನ್ನ ಕಿತ್ತುಕೊಳ್ಳುವ ಕಚೇರಿಗೆ ಯಾರೂ ಖರೆ ಹೇಳುವುದಿಲ್ಲ, ಮತ್ತು ಆ ಸುಳ್ಳಿನ ಬಸ್ಸಿನಲ್ಲಿ ಊರೇ ಕುಳಿತಿರುತ್ತದೆ. ಇದು ನಾನು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ.

ಖಾದರಸಾಬರ ಆದೇಶವನ್ನು ನೋಟಿಸ್ ಬೋರ್ಡಿಗೆ ಹಚ್ಚಿದ ಮರುದಿನ ಬೆಳಿಗ್ಗೆ ನನ್ನ ಕೋಣೆಯ ಮುಂದೆ ಮೂವರು ಡ್ರೈವರುಗಳು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಎಲ್ಲರಿಗಿಂತ ಹಿರಿಯವನು ಮುಂದೆ ಬಂದ. "ಸಾಹೇಬ್ರ, ನಮ್ಮದೂ ಒಂದಿಷ್ಟು ಹೇಳೋದೈತ್ರಿ," ಎಂದ.

ಅರ್ಧ ಗಂಟೆಯ ಹಿಂದೆ ನನ್ನ ಮನೆಯಿದ್ದ ಹೊಂಬಳದಿಂದ ನಾನು ಬಂದಿಳಿದದ್ದು ಅವನ ಬಸ್ಸಿನಲ್ಲೇ. ನನ್ನ ಜೊತೆ ಶಾಲೆಗೆ ಹೊರಟಿದ್ದ ಮಗಳೂ ಇದ್ದಳು.