ಗದ್ವಾಲಿನ ಗೋಡೆಯ ಕಿರಾಯಿ

ತೆಲಂಗಾಣದ ನಮ್ಮ ನಾರಾಯಣಪೇಟೆ ಹೊಸದಾಗಿ ಜಿಲ್ಲೆಯಾಗಿತ್ತು. ಕೊರೊನಾ ಕಾಲವೂ ಕಳೆದು, ಜನ ಊರೂರಲ್ಲಿ ಹಳೆಯ ಮನೆ ಕೆಡವಿ ಹೊಸದು ಕಟ್ಟಲು ಶುರು ಮಾಡಿದ್ದರು. ನಾನಾಗ ಮಕ್ತಲ್‌ನಲ್ಲಿ ಕಂಟೇನರ್ ಬಾಡಿಗೆಗೆ ಕೊಡುವ ಒಂದು ಸಣ್ಣ ಸಂಸ್ಥೆಯ ಮ್ಯಾನೇಜರ್. ಕಂಟೇನರ್ ಎಂದರೆ ಮುಚ್ಚಳವಿಲ್ಲದ ದೊಡ್ಡ ಕಬ್ಬಿಣದ ಪೆಟ್ಟಿಗೆ. ಕೆಡವುವ ಮನೆಯ ಮುಂದೆ ಲಾರಿ ಅದನ್ನು ಇಳಿಸಿ ಬರುತ್ತದೆ. ತುಂಬಿದ ಮೇಲೆ ಹೈಡ್ರಾಲಿಕ್ ತೋಳಿನಿಂದ ಎತ್ತಿಕೊಂಡು ಹೋಗಿ ಸುರಿಯುತ್ತದೆ. ನಮ್ಮ ಕಡೆಯ ಜನ ಅದಕ್ಕೆ ‘ಡಬ್ಬಾ’ ಎಂದು ಹೆಸರಿಟ್ಟರು, ಅದರ ಬಾಡಿಗೆಗೆ ‘ಕಿರಾಯಿ’ ಎಂದರು. ಅದರೊಳಗೆ ಬೀಳುವ ಕಲ್ಲು, ಗಾರೆ, ಹೆಂಚಿನ ಚೂರಿಗೆ ನಿಜಾಮರ ಕಾಲದ ಹೆಸರು ಮೊದಲೇ ಇತ್ತು: ‘ಮಲಬಾ’. ನಮ್ಮ ತಂದೆ ರಾಯಚೂರಿನಿಂದ ಇಲ್ಲಿಗೆ ಗುಡಿಯ ಪೂಜೆಗೆಂದು ಬಂದವರು. ಅಂಥವರ ಮಗ ಮಡಿ ಬಿಟ್ಟು ಮಲಬಾ ಹಿಡಿದನೆಂದರೆ ಊರಿಗೆ ಇದಕ್ಕಿಂತ ತಮಾಷೆ ಬೇಕೆ? ‘ಮಲಬಾ ಆಚಾರ್ರು’ ಎಂಬ ಬಿರುದು ಒಂದೇ ವಾರದಲ್ಲಿ ಅಂಟಿತು. ನನಗೇನೂ ಬೇಸರವಿರಲಿಲ್ಲ, ಆ ಹೆಸರಿನಿಂದ ಗಿರಾಕಿಗಳು ಬೇಗ ಹುಡುಕಿಕೊಂಡು ಬರುತ್ತಿದ್ದರು.

ಬಂದವರೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ. ಡಬ್ಬಾ ಅದೇ, ಲಾರಿ ಅದೇ, ಮತ್ತೆ ಊರಿಗೊಂದು ಕಿರಾಯಿ ಏಕೆ?

ಕಾರಣಗಳು ಇದ್ದವು. ಒಂದು ಡಬ್ಬಾಕ್ಕಾಗಿ ಲಾರಿ ಎರಡು ಸಲ ಹೋಗಿ ಎರಡು ಸಲ ಬರಬೇಕು, ಇಡುವುದಕ್ಕೊಮ್ಮೆ, ತರುವುದಕ್ಕೊಮ್ಮೆ. ಮಕ್ತಲ್‌ನಲ್ಲಿ ನಮ್ಮ ಯಾರ್ಡ್ ಇತ್ತು, ಸುರಿಯಲು ಊರ ಹೊರಗೆ ಹಳೆಯ ಕಲ್ಲುಗಣಿಯ ತಗ್ಗಿತ್ತು. ಹಾಗಾಗಿ ಅಲ್ಲಿ ಅಗ್ಗ. ನಾರಾಯಣಪೇಟೆ ದೂರವಾದರೂ ಕೆಲಸ ಹೆಚ್ಚು. ಒಂದು ಮನೆಗೆ ಖಾಲಿ ಡಬ್ಬಾ ಇಳಿಸಿ ಇನ್ನೊಂದು ಮನೆಯ ತುಂಬಿದ ಡಬ್ಬಾ ಹೊತ್ತು ಬರಬಹುದಿತ್ತು, ಆದ್ದರಿಂದ ದರ ಕೈಗೆಟುಕುವಂತಿತ್ತು. ದಾಮರಗಿದ್ದದಲ್ಲಿ ಬೇರೆಯೇ ಕಥೆ. ಮನೆಯವರು ಅರ್ಧ ಗೋಡೆ ಕೆಡವಿ ಕೂಲಿಗೆಂದು ಪಟ್ಟಣಕ್ಕೆ ಹೋದರೆ ಡಬ್ಬಾ ಅಂಗಳದಲ್ಲೇ ಕೂತಿರುತ್ತಿತ್ತು, ಕೋಳಿಗಳು ಅದರಲ್ಲಿ ಮೊಟ್ಟೆಯಿಟ್ಟದ್ದೂ ಉಂಟು. ಕೂತ ಡಬ್ಬಾ ದುಡಿಯುವುದಿಲ್ಲ. ಆ ನಷ್ಟವೂ ಕಿರಾಯಿಗೆ ಸೇರುತ್ತಿತ್ತು.

ಎಲ್ಲಕ್ಕಿಂತ ದುಬಾರಿ ಗದ್ವಾಲ್. ಕೃಷ್ಣೆ ದಾಟಿ ಹೋಗಬೇಕು. ನಾವು ಸುರಿಯುತ್ತಿದ್ದ ಜಾಗ ಊರಾಚೆ ಬಹಳ ದೂರ, ಅಲ್ಲಿ ಸುರಿಯಲು ಬೇರೆ ಶುಲ್ಕ. ನೇಕಾರರ ಓಣಿಯಾದರಂತೂ ಡಬ್ಬಾ ಬಿಟ್ಟು ಬರುವ ಹಾಗೇ ಇಲ್ಲ. ಬೆಳಗಾದರೆ ಅಲ್ಲಿ ಓಣಿಯ ಉದ್ದಕ್ಕೂ ಹಾಸಿನ ನೂಲು ಎಳೆದು ಕಟ್ಟುತ್ತಾರೆ. ಸೀರೆಯ ಉದ್ದದ ಎಳೆಗಳನ್ನು ಸರಿಮಾಡಿ ಗಂಜಿ ಹಚ್ಚಿ ಒಣಗಿಸುವ ಕೆಲಸ ಅದು. ಆ ಹೊತ್ತಿನಲ್ಲಿ ಸೈಕಲ್ಲಿನವರು ಕೂಡ ಇಳಿದು ಪಕ್ಕಕ್ಕೆ ಸರಿದು ನಡೆಯುತ್ತಾರೆ. ಹಾಗಾಗಿ ಡಬ್ಬಾ ಇಳಿಸಿದ ದಿನವೇ ತುಂಬಿ ಎತ್ತಬೇಕು, ಅಲ್ಲಿಯವರೆಗೆ ಲಾರಿ ಕಾಯಬೇಕು.

ಇಷ್ಟನ್ನೂ ನಾನು ಒಂದು ದಿನ ಪದ್ಮಮ್ಮನ ಮುಂದೆ ಬಿಡಿಸಿ ಹೇಳಿದೆ. ಪದ್ಮಮ್ಮ ಮಕ್ತಲ್‌ನಲ್ಲಿ ಹುಟ್ಟಿ ಗದ್ವಾಲಿನ ನೇಕಾರರ ಮನೆ ಸೇರಿದವರು. ತಮ್ಮ ಮಲ್ಲೇಶನನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದು ನನ್ನ ಮೇಜಿನ ಎದುರು ಕೂತಿದ್ದರು. ಮಲ್ಲೇಶ ಹಿಂದಿನ ತಿಂಗಳಷ್ಟೇ ನಮ್ಮ ಡಬ್ಬಾ ತರಿಸಿದ್ದ. ನನ್ನ ಮಾತು ಮುಗಿದ ಮೇಲೆ ಪದ್ಮಮ್ಮ ಕೇಳಿದರು:

“ನನ್ ತಮ್ಮಗ ಒಂದು ರೇಟು, ನನಗ ಅದರ ಒಂದೂವರಿ ಪಟ್ಟು. ಹಂಗಂದ್ರ ನಾ ಗದ್ವಾಲಕ್ಕ ಮದುವಿ ಆಗಿ ಹೋಗಿದ್ದು ತಪ್ಪಾತೇನ್ರಿ ಆಚಾರ್ರೆ?”

ಮಲ್ಲೇಶ ನಕ್ಕ, ನಾನೂ ನಕ್ಕೆ. ಪದ್ಮಮ್ಮ ನಗಲಿಲ್ಲ. ಅವರ ಸೊಸೆ ಲಾವಣ್ಯ ನೇಯ್ಗೆ ಕಲಿತಿದ್ದಳು. ಅವಳಿಗೆ ಸ್ವಂತ ಮಗ್ಗ ಹೂಡಲೆಂದು ಹಿಂದಿನ ಹಳೆಯ ಕೋಣೆಯನ್ನು ಕೆಡವಿದ್ದರು. ನೇಯುವವರು ಕಾಲಿಳಿಬಿಟ್ಟು ಕೂರುವ ಮಗ್ಗದ ಕುಣಿ ತೋಡಬೇಕಾದ ಜಾಗದಲ್ಲಿ ಈಗ ಆ ಗೋಡೆಯೇ ಗುಡ್ಡೆಯಾಗಿ ಬಿದ್ದಿತ್ತು. ರೇಷ್ಮೆ ಕೊಡುವ ಸಾವುಕಾರರು ಮದುವೆ ಸೀರೆಗಳ ಕೆಲಸ ಕೊಡಲು ಒಪ್ಪಿದ್ದರು, ಆದರೆ ಗಡುವು ಹಾಕಿದ್ದರು.

“ಶ್ರಾವಣದೊಳಗ ಮಗ್ಗ ಹೂಡಲಿಲ್ಲಂದ್ರ ಆ ರೇಷ್ಮಿ ಬ್ಯಾರೆ ಮನಿಗೆ ಹೋಗ್ತೈತ್ರಿ. ಸೊಸಿ ಕೈಯಾಗ ಕಸಬು ಐತಿ, ಕೂಡಾಕ ಜಾಗ ಇಲ್ಲ. ನಿಮ್ಮ ಡಬ್ಬಾಕ್ಕ ಇಷ್ಟು ಕೊಟ್ರ ಮಗ್ಗ ಮಾಡೋ ಬಡಿಗ್ಯಾರಿಗೆ ಏನ್ ಕೊಡ್ಲಿ?”

ದರ ಇಳಿಸುವುದು ನನ್ನ ಕೈಯಲ್ಲಿರಲಿಲ್ಲ. ಆದರೂ ಹಾಗೇ ಕಳಿಸಲು ಮನಸ್ಸು ಬರಲಿಲ್ಲ. “ಒಮ್ಮೆ ಬಂದು ಜಾಗ ನೋಡ್ತೀನಮ್ಮ” ಎಂದೆ.

ಮರುದಿನ ಗದ್ವಾಲಿಗೆ ಖಾಲಿ ಡಬ್ಬಾ ಒಯ್ಯುವ ಬೇರೆ ಕೆಲಸವಿತ್ತು. ನಾನೂ ಲಾರಿ ಹತ್ತಿದೆ. ನಮ್ಮ ಡ್ರೈವರ್ ಹುಸೇನ್ ಓಣಿಯ ಬಾಯಲ್ಲೇ ಗಾಡಿ ನಿಲ್ಲಿಸಿ, “ಅಂದರ್ ನಕ್ಕೋ ಆಚಾರ್ ಸಾಬ್, ಗಾಡಿ ಫಸ್ ಜಾತಿ” ಎಂದು ಕೈಯಾಡಿಸಿದ. ಒಳಗೆ ಹೋದರೆ ಗಾಡಿ ಸಿಕ್ಕಿಕೊಳ್ಳುವುದು ಖಂಡಿತವಿತ್ತು. ನಾನು ನಡೆದು ಹೋದೆ. ಎರಡೂ ಬದಿಯ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು.

ಗುಡ್ಡೆ ನೋಡಿ ನನಗೆ ಆಶ್ಚರ್ಯವಾಯಿತು. ನಾನು ಕಂಡ ಮಲಬಾದಲ್ಲಿ ಚಪ್ಪಲಿಯಿಂದ ಹಿಡಿದು ಹಳೆಯ ಹಾಸಿಗೆಯವರೆಗೆ ಎಲ್ಲವೂ ಇರುತ್ತಿತ್ತು. ಇಲ್ಲಿ ಕಟ್ಟಿಗೆ ಒಂದು ಕಡೆ, ತಗಡು ಒಂದು ಕಡೆ. ಧೂಳು ರೇಷ್ಮೆಗೆ ಹತ್ತಬಾರದೆಂದು ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ದರು. ಕೆಳಗಿದ್ದುದು ಬರೀ ಕಲ್ಲು, ಗಾರೆ, ಹೆಂಚಿನ ಚೂರು. ಒಂದು ಹೆಂಟೆ ಕೈಗೆತ್ತಿಕೊಂಡಾಗ ನನಗೆ ಮೈಲಾರಪ್ಪ ನೆನಪಾದ.

ಮೈಲಾರಪ್ಪ ಮಕ್ತಲ್ ರಸ್ತೆಯ ಪಕ್ಕದ ಹಳ್ಳಿಯ ಕುರಿಗಾರ. ಆ ವಾರವೇ ನಮ್ಮ ಆಫೀಸಿಗೆ ಬಂದು, “ಎರಿ ಮಣ್ಣಾಗ ಐತ್ರಿ ನಮ್ ದೊಡ್ಡಿ. ಮಳಿ ಬಂದ್ರ ಕುರಿ ಕೆಸರಾಗ ನಿಂತು ಕಾಲು ಕೊಳೀತಾವ. ಭರ್ತಿ ಸಿಗ್ತೈತೇನ್ರಿ?” ಎಂದು ಕೇಳಿದ್ದ. ತಗ್ಗು ತುಂಬಲು ಹಾಕುವ ಗರಸು, ಕಲ್ಲುಮಣ್ಣಿಗೆ ನಮ್ಮಲ್ಲಿ ‘ಭರ್ತಿ’ ಎನ್ನುತ್ತಾರೆ. “ಭರ್ತಿ ಮಾರೋರು ಬ್ಯಾರೆ ಅದಾರಪ್ಪ, ನಮ್ಮದು ಮಲಬಾ” ಎಂದು ನಾನು ಕಳಿಸಿದ್ದೆ. ಅವನೂ ತಲೆಯಾಡಿಸಿ ಹೋಗಿದ್ದ. ಎರಡು ಹೆಸರಿದ್ದರೆ ಎರಡು ವಸ್ತು ಎಂದು ಅವನೂ ತಿಳಿದಿದ್ದ, ನಾನೂ ತಿಳಿದಿದ್ದೆ. ಒಬ್ಬರು ಹೊರಗೆ ಹಾಕುವಾಗ ಮಲಬಾ ಆಗುವುದೇ ಇನ್ನೊಬ್ಬರು ಒಳಗೆ ಹಾಕಿಸಿಕೊಳ್ಳುವಾಗ ಭರ್ತಿ ಆಗುತ್ತದೆ, ಅಷ್ಟೆ.

“ಪದ್ಮಮ್ಮ, ಇದು ಮಲಬಾ ಅಲ್ಲ, ಭರ್ತಿ!” ಎಂದೆ ಉತ್ಸಾಹದಿಂದ.

“ಹೆಸರು ಏನರ ಇಡ್ರಿ,” ಎಂದರು ಅವರು, “ರೇಟು ಹೇಳ್ರಿ.”

ಅಲ್ಲಿಂದಲೇ ಫೋನ್ ಮಾಡಿದೆ. ಮೈಲಾರಪ್ಪ ಕುಣಿದಾಡಲಿಲ್ಲ. “ಗಾಜು, ಮೊಳಿ ಇದ್ರ ಬ್ಯಾಡ್ರಿ. ಕುರಿ ಕಾಲಿಗೆ ಚುಚ್ಚಿದ್ರ ಅದಕ್ಕಿಂತ ಕೆಸರ ಪಾಡು” ಎಂದ. ನ್ಯಾಯವಾದ ಮಾತು. ಹಳೆಯ ಗೋಡೆಯೆಂದ ಮೇಲೆ ಗೂಡಿನಲ್ಲಿ ಒಡೆದ ಬಳೆ, ಗೂಟದ ಜಾಗದಲ್ಲಿ ಮೊಳೆ ಇದ್ದೇ ಇರುತ್ತವೆ. ನಾನು ಇದನ್ನು ಹೇಳುತ್ತಿದ್ದಂತೆ ಲಾವಣ್ಯ ಸೆರಗು ಸಿಕ್ಕಿಸಿ ಗುಡ್ಡೆಯ ಮುಂದೆ ಕೂತಳು. “ಎಳಿ ಆರಿಸೋ ಕಣ್ಣು ಐತ್ರಿ, ಬಳಿಚೂರು ಕಾಣಂಗಿಲ್ಲೇನು?” ಎಂದಳು. ಅತ್ತೆಯೂ ಪಕ್ಕದಲ್ಲಿ ಕೂತರು. ಅವರು ಆರಿಸಿ ಮುಗಿಸಲು ಎರಡು ದಿನ ಹಿಡಿಯಿತು.

ನಾನು ಮಕ್ತಲ್‌ಗೆ ಮರಳಿ ಮಾಲೀಕರ ಜೊತೆ ಕೂತು ಲೆಕ್ಕ ಮತ್ತೆ ಹಾಕಿದೆ. ಲಾರಿ ಹೇಗೂ ಯಾರ್ಡಿಗೆ ವಾಪಸ್ಸು ಬರಬೇಕು, ಮೈಲಾರಪ್ಪನ ಹಳ್ಳಿ ಅದೇ ದಾರಿಯಲ್ಲಿದೆ. ಗದ್ವಾಲಿನಾಚೆ ಸುರಿಯಲು ಹೋಗುವ ಸುತ್ತು ತಪ್ಪಿತು, ಅಲ್ಲಿನ ಶುಲ್ಕ ತಪ್ಪಿತು. ಗರಸಿಗೆ ಕೊಡುವುದಕ್ಕಿಂತ ಎಷ್ಟೋ ಕಡಿಮೆಯಲ್ಲಿ ಮೈಲಾರಪ್ಪ ಡೀಸೆಲ್ಲಿಗೆ ಕೈ ಸೇರಿಸಿದ. ಉಳಿದದ್ದು ಲಾರಿ ಕಾಯುವ ಖರ್ಚು. ಅದನ್ನು ಇಳಿಸುವುದು ಓಣಿಯವರ ಕೈಯಲ್ಲಿತ್ತು.

ಗೋಡೆ ಸಾಗಿಸಿದ ಆ ದಿನ ನೆನೆದರೆ ಈಗಲೂ ನನಗೆ ಕಣ್ಣು ತುಂಬುತ್ತದೆ. ಹಾಸು ಒಣಗಿ ನೂಲು ಸುತ್ತಿಟ್ಟ ಮೇಲೆ ಹುಸೇನ್ ಓಣಿಯ ಬಾಯಲ್ಲಿ ಡಬ್ಬಾ ಇಳಿಸಿದ. ಬುಟ್ಟಿ ಹೊರಲು ಪದ್ಮಮ್ಮನ ಮನೆಯ ಮೂವರೇ ಇದ್ದರು. ಎದುರು ಮನೆಯ ಮಗ್ಗದ ಸದ್ದು ನಿಂತಿತು. ಅಲ್ಲಿಂದ ಒಬ್ಬರು ತೆಲುಗಿನಲ್ಲಿ “ಪದಂಡಿ, ಪದಂಡಿ” ಎಂದು ಎಲ್ಲರನ್ನೂ ಹೊರಡಿಸುತ್ತ ಬಂದರು. ಆಮೇಲೆ ಪಕ್ಕದ ಮನೆಯ ಸದ್ದು ನಿಂತಿತು, ಅದರಾಚೆಯದೂ ನಿಂತಿತು. ಮಗ್ಗ ನಿಂತರೆ ಆ ದಿನದ ದುಡಿಮೆ ನಿಂತಂತೆ, ಅದು ಅವರಿಗೆ ಗೊತ್ತಿಲ್ಲದ್ದಲ್ಲ. ಆದರೂ ಮನೆಬಾಗಿಲಿನಿಂದ ಡಬ್ಬಾದವರೆಗೆ ಸಾಲಾಗಿ ನಿಂತು ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಿದರು. ಮಡಿವಂತರ ಮನೆಯ ನಾನೂ ಪಂಚೆ ಎತ್ತಿಕಟ್ಟಿ ಸಾಲಿನಲ್ಲಿ ನಿಂತೆ. ಹುಸೇನ್ ಚಹಾ ಕುಡಿದು ಬರುವಷ್ಟರಲ್ಲಿ ಡಬ್ಬಾ ಮುಕ್ಕಾಲು ತುಂಬಿತ್ತು. ಹೊತ್ತು ಮುಳುಗುವ ಮುಂಚೆ ಗದ್ವಾಲಿನ ಗೋಡೆ ಕೃಷ್ಣೆ ದಾಟಿತು.

ಕೊನೆಯ ದರ ಹೇಳಿದಾಗ ಪದ್ಮಮ್ಮ ಲೆಕ್ಕ ಬಿಡಲಿಲ್ಲ. “ಇನ್ನೂ ತಮ್ಮಗಿಂತ ಒಂಚೂರು ಜಾಸ್ತಿನ ಐತಲ್ರಿ?”

“ನಡುವೆ ನದಿ ಐತಲ್ಲಮ್ಮ.”

“ಹೂಂ. ಆ ನದಿ ದಾಟೇ ನಾ ಇಲ್ಲಿಗೆ ಬಂದಾಕಿ. ಅಷ್ಟು ಕೊಡ್ತೀನಿ ಬಿಡ್ರಿ” ಎಂದು ಅಂದು ಮೊದಲ ಸಲ ನಕ್ಕರು.

ಶ್ರಾವಣಕ್ಕೆ ಮುಂಚೆ ಕುಣಿ ತೋಡಿದರು, ಮಗ್ಗ ಹೂಡಿದರು, ರೇಷ್ಮೆಯೂ ಬಂತು. ಆಮೇಲೆ ನಮ್ಮ ಆಫೀಸಿನಲ್ಲಿ ಕೆಲಸದ ರೀತಿ ಬದಲಾಯಿತು. ಯಾರು ಫೋನ್ ಮಾಡಿದರೂ ಮನೆ ಎಲ್ಲಿದೆ ಎಂದು ಕೇಳಿದ ಮೇಲೆ, ಏನೇನು ಬೀಳುತ್ತದೆ, ಅದು ಯಾರಿಗೆ ಬೇಕಾದೀತು ಎಂದೂ ಕೇಳತೊಡಗಿದೆವು. ದೂರ, ಓಣಿ, ಶುಲ್ಕ ಇವು ದರ ಏರಿಸುತ್ತವೆ. ಕೆಡವಿದ್ದನ್ನು ಬೇಕೆನ್ನುವ ಒಬ್ಬ ಮನುಷ್ಯ ದಾರಿಯಲ್ಲಿ ಸಿಕ್ಕರೆ ಇಳಿಯುತ್ತದೆ. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟು. ಇದಕ್ಕಾಗಿ ಆ ಓಣಿಗೆ, ಆ ಕುರಿಗಾರನಿಗೆ ನಾನು ಋಣಿ.

ಮಳೆಗಾಲ ಮುಗಿದ ಮೇಲೆ ಮೈಲಾರಪ್ಪ ರಸ್ತೆಗೆ ಬಂದು ಹುಸೇನನ ಲಾರಿ ನಿಲ್ಲಿಸಿ ಒಂದು ಕರಿ ಕಂಬಳಿ ಕೊಟ್ಟ. “ಗದ್ವಾಲದ ಅಕ್ಕಾರಿಗೆ ಮುಟ್ಟಸ್ರಿ. ನಿಮ್ಮ ಗ್ವಾಡಿ ಮ್ಯಾಲ ನಮ್ಮ ಕುರಿ ಒಣಾ ಮಲಗ್ತಾವ ಅಂತ ಹೇಳ್ರಿ” ಎಂದನಂತೆ. ಕಂಬಳಿಯನ್ನು ನಾನೇ ಒಯ್ದೆ. ಅತ್ತೆ ಸೊಸೆ ಇಬ್ಬರೂ ಮಗ್ಗದಿಂದ ಎದ್ದು ಬಂದರು. ಪದ್ಮಮ್ಮ ಅದನ್ನು ಬೆಳಕಿಗೆ ಹಿಡಿದು, ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ ಸೊಸೆಗೆ ಹೇಳಿದರು: “ಭಾಳ ಚಲೋ ನೇದಾರವ್ವ. ನಮ್ ಗ್ವಾಡಿ ಚಲೋ ಮನಿಗೇ ಹೋಗೈತಿ.”